ಫೋಟೋದಲ್ಲಿ ಉಳಿದ ಮೊಣಕೈ

"ಹಿಂದಿನ ಸಾಲಿನವರು ಸ್ವಲ್ಪ ಸರೀರಿ! ಆ ಉದ್ದ ಹುಡುಗನ ಪಕ್ಕ ಒಬ್ಬರು ನಿಲ್ಲೋವಷ್ಟು ಜಾಗ ಬಿಡಿ!"

ಕ್ಯಾಮೆರಾದ ಹಿಂದಿನಿಂದ ಹೀಗೆ ಕೂಗಿದ್ದು ಬುಗುರಿಯ ಅಮ್ಮ. ಶಾಲೆಯ ಅಂಗಳದಲ್ಲಿ ಐದನೇ ಕ್ಲಾಸಿನ ಗ್ರೂಪ್ ಫೋಟೋ ನಡೆಯುತ್ತಿತ್ತು. ಮುಂದೆ ನೆಲದ ಮೇಲೆ ಒಂದು ಸಾಲು, ನಡುವೆ ಕುರ್ಚಿಗಳಲ್ಲಿ ಟೀಚರ್ ಮತ್ತು ಕೆಲವರು, ಹಿಂದೆ ಬೆಂಚುಗಳ ಮೇಲೆ ನಿಂತವರು. ಎಲ್ಲರ ಬೆನ್ನಿಗೆ ಶಾಲೆಯ ಹಳದಿ ಗೋಡೆ.

ಬೆಂಚಿನ ಮೇಲಿದ್ದವರು ಗೊಣಗುತ್ತಾ ಸರಿದರು. ಆ ಉದ್ದ ಹುಡುಗನನ್ನು ಕ್ಲಾಸಿನಲ್ಲಿ ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು. ಅವನಿಗೂ ಬುಗುರಿಗೂ ನಡುವೆ, ಹಲ್ಲು ಬಿದ್ದ ಬಾಯಿಯ ಹಾಗೆ, ಒಂದು ಖಾಲಿ ಜಾಗ ಆಯಿತು.

"ಯಾರಿಗೆ ಆಂಟಿ ಈ ಜಾಗ? ದೆವ್ವಕ್ಕಾ?" ಅಂದ ಏಣಿ. ಎಲ್ಲರೂ ಕಿಸಕ್ಕನೆ ನಕ್ಕರು.

"ದೆವ್ವಕ್ಕಲ್ಲಪ್ಪಾ, ಕಡ್ಡಿಗೆ," ಅಂದಳು ಅಮ್ಮ. "ಅವಳು ಹುಷಾರಾದ ಮೇಲೆ ಸ್ಟುಡಿಯೋಗೆ ಬರ್ತಾಳೆ. ಅಲ್ಲಿ ಅವಳದ್ದು ಬೇರೆ ಫೋಟೋ ತೆಗೆದು ಇಲ್ಲಿ ಸೇರಿಸ್ತೀನಿ. ಜಾಗ ಇದ್ರೆ ಸಾಕು, ಮಿಕ್ಕಿದ್ದು ನನ್ನ ಕೆಲಸ."

ಕಡ್ಡಿಗೆ ಮಂಗನಬಾವು ಆಗಿತ್ತು. ಎರಡೂ ಕೆನ್ನೆ ಊದಿಸಿಕೊಂಡು ಅವಳು ಮನೆಯಲ್ಲಿ ಮಲಗಿದ್ದಳು. ತೆಳ್ಳಗಿದ್ದಾಳೆ ಅಂತ ಅವಳಿಗೆ ಕಡ್ಡಿ ಎಂದು ಹೆಸರು ಬಿದ್ದಿತ್ತು. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ಮನಸ್ಸಿಗೆ ಬಂದದ್ದನ್ನು ಟಕ್ ಅಂತ ಹೇಳಿಬಿಡುತ್ತಿದ್ದಳು. ಇನ್ನು ಬುಗುರಿಗೆ ಬುಗುರಿ ಅನ್ನುವ ಹೆಸರು ಯಾಕೆ ಅಂದರೆ, ಅವಳು ಒಂದು ಕಡೆ ಸುಮ್ಮನೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಫೋಟೋ ತೆಗೆಯುವವಳ ಮಗಳೇ ಹೀಗಾದರೆ ಹೇಗೆ ಅಂತ ಅಮ್ಮ ಆಗಾಗ ತಲೆ ಚಚ್ಚಿಕೊಳ್ಳುತ್ತಿದ್ದಳು.

ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಆದರೆ ಈಗ ಟೂ ಬಿಟ್ಟಿದ್ದರು.

ಆದದ್ದು ಇಷ್ಟೇ. ಹೋದ ವಾರ ಕ್ಲಾಸಿಗೆ ಒಬ್ಬ ಹುಡುಗ ತನ್ನ ಫೋಟೋ ತಂದಿದ್ದ. ಅದರಲ್ಲಿ ಅವನು ಚಡ್ಡಿ ಹಾಕಿಕೊಂಡು ಹಿಮದ ಬೆಟ್ಟದ ನಡುವೆ ನಿಂತಿದ್ದ. ಎಲ್ಲರೂ ನಾ ಮುಂದು ತಾ ಮುಂದು ಅಂತ ಮುತ್ತಿಕೊಂಡರು. ಬುಗುರಿಗೆ ಎಲ್ಲಿಲ್ಲದ ಹೆಮ್ಮೆ. "ಇದು ನಮ್ಮಮ್ಮ ತೆಗೆದಿದ್ದು!" ಅಂದಳು.

ಆಗ ಕಡ್ಡಿ ಎಲ್ಲರ ಮುಂದೆ ಅಂದಳು, "ಬೆಟ್ಟವೂ ಇಲ್ಲ, ಹಿಮವೂ ಇಲ್ಲ. ಇವರ ಸ್ಟುಡಿಯೋದಲ್ಲಿ ಒಂದು ಹಸಿರು ಬಟ್ಟೆ ಇದೆ, ಅಷ್ಟೆ. ಇವಳಮ್ಮ ತೆಗೆಯೋದೆಲ್ಲ ಸುಳ್ಳು ಫೋಟೋ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಬುಗುರಿಯ ಕಿವಿ ಕೆಂಪಾಯಿತು. ಅಮ್ಮ ರಾತ್ರಿ ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕೂತು ಮಾಡಿದ ಕೆಲಸ ಅದು. ಸುಳ್ಳಂತೆ! ಅವತ್ತೇ ಅವಳು ಕಿರುಬೆರಳು ತೋರಿಸಿ ಟೂ ಬಿಟ್ಟಳು. ಮಾರನೇ ದಿನದಿಂದ ಕಡ್ಡಿ ಶಾಲೆಗೆ ಬರಲಿಲ್ಲ.

"ರೆಡಿನಾ?" ಅಮ್ಮ ಕೂಗಿದಳು.

ಮೊದಲನೇ ಸಲ ಮುಂದಿನ ಸಾಲಿನವನೊಬ್ಬ ಜೋರಾಗಿ ಸೀನಿದ. ಎರಡನೇ ಸಲ ಟೀಚರೇ ಕಣ್ಣು ಮುಚ್ಚಿದರು. ಬಿಸಿಲು ಏರುತ್ತಿತ್ತು. ಬುಗುರಿ ಪಕ್ಕದ ಖಾಲಿ ಜಾಗವನ್ನು ನೋಡಿದಳು. ಬಂದಿಲ್ಲದಿದ್ದರೂ ಮಹಾರಾಣಿಗೆ ಎಂಥ ಮರ್ಯಾದೆ! ಎಲ್ಲರೂ ಇಕ್ಕಟ್ಟಿನಲ್ಲಿ ನಿಂತಿದ್ದಾರೆ, ಅವಳಿಗೆ ಮಾತ್ರ ಅಗಲವಾದ ಜಾಗ.

ಮೂರನೇ ಸಲ ಅಮ್ಮ "ನಗಿ" ಅನ್ನುವಷ್ಟರಲ್ಲಿ ಬುಗುರಿ ಸೊಂಟದ ಮೇಲೆ ಕೈ ಇಟ್ಟಳು. ಮೊಣಕೈಯನ್ನು ಚೂಪಾಗಿ ಆ ಖಾಲಿ ಜಾಗಕ್ಕೆ ಚಾಚಿದಳು.

ಕ್ಲಿಕ್.

"ಸೂಪರ್! ಎಲ್ಲರ ಕಣ್ಣೂ ತೆರೆದಿದೆ. ಇಳೀರಿ ಎಲ್ಲ, ನಿಧಾನ!" ಅಂದಳು ಅಮ್ಮ.

ಅವತ್ತು ಸಂಜೆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಅಮ್ಮನ ಕೈ ನಿಂತಿತು.

"ಈ ಮೊಣಕೈ ಯಾವಾಗ ಬಂತೇ?"

"ಸೊಂಟ ನೋಯ್ತಿತ್ತು," ಅಂದಳು ಬುಗುರಿ, ಪೆನ್ಸಿಲ್ ಕೆತ್ತುತ್ತಾ.

ಅಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. "ಹೂಂ" ಅಂದಳು. ಅಷ್ಟೇ. ಬೈದಿದ್ದರೇ ವಾಸಿ ಇತ್ತು ಅನ್ನಿಸಿತು ಬುಗುರಿಗೆ.

ಮುಂದಿನ ಭಾನುವಾರ ಕಡ್ಡಿ ಅಪ್ಪನ ಜೊತೆ ಸ್ಟುಡಿಯೋಗೆ ಬಂದಳು. ಸ್ಟುಡಿಯೋ ಅಂದರೆ ಬುಗುರಿಯ ಮನೆಯ ಮುಂದಿನ ಕೋಣೆಯೇ. ಕಡ್ಡಿಯ ಕೆನ್ನೆ ಇಳಿದಿತ್ತು. ಯೂನಿಫಾರ್ಮ್ ಗರಿಗರಿಯಾಗಿತ್ತು. ತಲೆಗೆ ಹೊಸ ಹೇರ್‌ಬ್ಯಾಂಡ್ ಬೇರೆ. ಅವಳ ಅಪ್ಪ ಬಸ್ ಡ್ರೈವರ್. ಅವರಿಗೆ ಭಾನುವಾರವೂ ಡ್ಯೂಟಿ.

"ಒಂದು ಟ್ರಿಪ್ ಮುಗಿಸಿ ಬಂದು ಕರ್ಕೊಂಡು ಹೋಗ್ತೀನಮ್ಮಾ," ಅಂತ ಬುಗುರಿಯ ಅಮ್ಮನಿಗೆ ಹೇಳಿ ಅವರು ಹೊರಟರು. "ಚೆನ್ನಾಗಿ ನಿಂತ್ಕೋ ಮಗಳೇ. ವರ್ಷವಿಡೀ ಗೋಡೆ ಮೇಲಿರೋ ಫೋಟೋ."

ಬುಗುರಿ ಹಸಿರು ಬಟ್ಟೆಯ ಕೆಳತುದಿಯನ್ನು ಎಳೆದು ಕ್ಲಿಪ್ ಹಾಕುತ್ತಿದ್ದಳು. ಬಟ್ಟೆ ಸೂರಿನ ಹತ್ತಿರದ ಪೈಪಿನಿಂದ ಇಳಿದು, ಗೋಡೆ ಮುಚ್ಚಿ, ನೆಲದ ಮೇಲೂ ಹರಡಿಕೊಂಡಿತ್ತು. ಒಂದು ಮಡಿಕೆ ಇದ್ದರೂ ಅಲ್ಲಿ ನೆರಳು ಬೀಳುತ್ತದೆ. ನೆರಳು ಬಿದ್ದರೆ ಅಲ್ಲಿ ಹಸಿರು ಕಪ್ಪಾಗುತ್ತದೆ. ಹಾಗಾಗಿ ಬಟ್ಟೆಗೆ ಇಸ್ತ್ರಿ ಹಾಕುವುದು ಅಮ್ಮನ ಕೆಲಸ, ಎಳೆದು ಕಟ್ಟುವುದು ಬುಗುರಿಯ ಕೆಲಸ.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಟೂ ಬಿಟ್ಟವರು ನೇರವಾಗಿ ಮಾತಾಡುವ ಹಾಗಿಲ್ಲ.

ಅಮ್ಮ ಬಟ್ಟೆಯಿಂದ ದೂರದಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟಳು. "ಇದರ ಮೇಲೆ ಹತ್ತು ಪುಟ್ಟಾ. ಅವತ್ತು ನೀನು ಬೆಂಚಿನ ಮೇಲೆ ನಿಲ್ಲಬೇಕಿತ್ತಲ್ಲ, ಅದಕ್ಕೆ."

"ಇಷ್ಟು ಮುಂದಾ ಆಂಟಿ? ಬಟ್ಟೆ ಅಲ್ಲಿದೆ."

"ಅಮ್ಮಾ, ಅವಳಿಗೆ ಹೇಳು," ಅಂದಳು ಬುಗುರಿ, ಕ್ಲಿಪ್ ನೋಡುತ್ತಾ. "ಬಟ್ಟೆಗೆ ಅಂಟಿಕೊಂಡು ನಿಂತ್ರೆ ಬಟ್ಟೆ ಬಣ್ಣ ಕೆನ್ನೆ ಮೇಲೆ ಬೀಳತ್ತೆ. ಮುಖದ ಅಂಚೆಲ್ಲ ಪಾಚಿ ಕಟ್ಟಿದ ಹಾಗೆ ಕಾಣತ್ತೆ."

"ಆಂಟಿ, ಥ್ಯಾಂಕ್ಸ್ ಅಂತ ಹೇಳಿ," ಅಂದಳು ಕಡ್ಡಿ, ಸೂರು ನೋಡುತ್ತಾ.

"ಅಮ್ಮಾ, ಆ ಹೇರ್‌ಬ್ಯಾಂಡ್ ತೆಗೀಬೇಕು ಅಂತಲೂ ಹೇಳು."

"ಆಂಟಿ, ಇದು ನನ್ನ ಹೊಸ ಹೇರ್‌ಬ್ಯಾಂಡ್. ತೆಗೆಯಲ್ಲ ಅಂತ ಹೇಳಿ. ಕೆಲವರಿಗೆ ಹೊಟ್ಟೆಕಿಚ್ಚು."

"ನಾನೇನು ಪೋಸ್ಟ್ ಆಫೀಸಾ?" ಅಂದಳು ಅಮ್ಮ. ಹೇರ್‌ಬ್ಯಾಂಡ್ ನೋಡಿದಳು. ಅದು ಅಚ್ಚ ಹಸಿರು. ಅವಳ ತುಟಿಯ ತುದಿಯಲ್ಲಿ ಒಂದು ನಗು ಬಂದು ಹೋಯಿತು. "ಇರಲಿ ಬಿಡು. ಹಾಕ್ಕೊಂಡೇ ನಿಲ್ಲಲಿ."

ಅಮ್ಮ ಒಂದು ಲೈಟನ್ನು ಬಲಗಡೆಗೆ ತಂದಳು. ಶಾಲೆಯ ಫೋಟೋವನ್ನು ಮತ್ತೆ ನೋಡಿ ಇನ್ನೂ ಸ್ವಲ್ಪ ಮೇಲೆತ್ತಿದಳು. "ಅವತ್ತು ಬಿಸಿಲು ಬಲಗಡೆಯಿಂದ ಬರ್ತಿತ್ತು. ಇಲ್ಲೂ ಹಾಗೇ ಬರಬೇಕು. ಇಲ್ಲದಿದ್ರೆ ಎಲ್ಲರಿಗೂ ಒಬ್ಬ ಸೂರ್ಯ, ನಿನಗೊಬ್ಬಳಿಗೆ ಬೇರೆ ಸೂರ್ಯ ಆಗ್ಬಿಡತ್ತೆ."

ಕಡ್ಡಿಗೆ ನಗು ಬಂತು. ಆದರೆ ಬುಗುರಿ ಅಲ್ಲೇ ಇದ್ದಾಳೆ ಅಂತ ನೆನಪಾಗಿ ನುಂಗಿಕೊಂಡಳು.

ಕ್ಲಿಕ್.

ಫೋಟೋ ಕಂಪ್ಯೂಟರಿಗೆ ಬಂತು. ಕಡ್ಡಿ ಅಮ್ಮನ ಕುರ್ಚಿಯ ಒಂದು ಬದಿಗೆ ಬಂದು ನಿಂತಳು, ಬುಗುರಿ ಇನ್ನೊಂದು ಬದಿಗೆ. ಅಮ್ಮ ಒಂದು ಬಟನ್ ಒತ್ತಿ ಹಸಿರು ಬಣ್ಣವನ್ನು ಮುಟ್ಟಿ ತೋರಿಸಿದಳು. ಹಸಿರೆಲ್ಲ ಮಾಯ. ಆ ಜಾಗದಲ್ಲಿ ಶಾಲೆಯ ಹಳದಿ ಗೋಡೆ ಬಂದು ಕೂತಿತು.

ಕಡ್ಡಿಯ ಹೇರ್‌ಬ್ಯಾಂಡೂ ಮಾಯ. ಹಣೆಯ ಮೇಲೆ ಒಂದು ಹಳದಿ ಪಟ್ಟಿ. ಅದರ ಮೇಲೆ, ಪಾತ್ರೆಯಿಂದ ಎತ್ತಿದ ಮುಚ್ಚಳದ ಹಾಗೆ, ಅವಳ ನೆತ್ತಿ ಬೇರೆಯಾಗಿ ತೇಲುತ್ತಿತ್ತು.



"ಅಯ್ಯೋ! ನನ್ನ ತಲೆ!" ಅಂತ ಕಡ್ಡಿ ಎರಡೂ ಕೈಯಿಂದ ನೆತ್ತಿ ಒತ್ತಿ ಹಿಡಿದುಕೊಂಡಳು.

"ಬಿಗಿಯಾಗಿ ಹಿಡ್ಕೊಳ್ಳೇ, ಹಾರಿ ಹೋಗತ್ತೆ!" ಅಂದಳು ಬುಗುರಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೇ ಇಬ್ಬರಿಗೂ ಟೂ ನೆನಪಾದದ್ದು. ಆದರೆ ಅಷ್ಟರಲ್ಲಿ ನೇರವಾಗಿ ಮಾತಾಡಿ ಆಗಿತ್ತು.

"ಕಂಪ್ಯೂಟರಿಗೆ ಇವಳು ಹುಡುಗಿ, ಇದು ಬಟ್ಟೆ ಅಂತೆಲ್ಲ ನಾನು ಹೇಳ್ತಾ ಕೂರಲ್ಲ," ಅಂದಳು ಅಮ್ಮ. "ಈ ಬಣ್ಣ ಎಲ್ಲಿ ಕಂಡರೂ ತೆಗೆದುಹಾಕು ಅಂತ ಹೇಳ್ತೀನಿ, ಅಷ್ಟೆ. ಅದು ತುಂಬ ವಿಧೇಯ. ನೆತ್ತಿ ಅಂತ ನೋಡಲ್ಲ, ನೆಲ ಅಂತ ನೋಡಲ್ಲ."

"ಹಸಿರೇ ಯಾಕೆ ಆಂಟಿ? ಕೆಂಪು ಹಾಕ್ಬಹುದಿತ್ತಲ್ಲ?"

"ಕೆಂಪು ಹಾಕಿದ್ರೆ ನಿನ್ನ ತುಟಿ ಹೋಗತ್ತೆ, ಕೆನ್ನೆ ಹೋಗತ್ತೆ," ಅಂತ ಬುಗುರಿ ನಡುವೆ ಬಾಯಿ ಹಾಕಿದಳು. "ಮನುಷ್ಯರ ಮೈಯಲ್ಲಿ ಎಲ್ಲೂ ಇಂಥ ಹಸಿರಿಲ್ಲ. ಅದಕ್ಕೇ ಹಸಿರು."

"ಹಸಿರು ಡ್ರೆಸ್ ಹಾಕ್ಕೊಂಡು ಬಂದ್ರೆ?"

"ಆಗ ನೀಲಿ ಬಟ್ಟೆ ಕಟ್ತೀವಿ. ಅದೂ ಇದೆ ನಮ್ಮ ಹತ್ರ." ಬುಗುರಿ ತನ್ನ ಕಪ್ಪು ಹೇರ್‌ಬ್ಯಾಂಡ್ ತೆಗೆದು ಮುಂದೆ ಹಿಡಿದಳು. "ತಗೋ. ಇದು ಹಾಕ್ಕೋ."

ಈ ಸಲ ಫೋಟೋ ಚೆನ್ನಾಗಿ ಬಂತು. ಹಸಿರು ಹೋಯಿತು, ಕಡ್ಡಿ ಇಡಿಯಾಗಿ ಉಳಿದಳು. ಕಿವಿಯ ಹತ್ತಿರದ ಬಿಡಿ ಕೂದಲುಗಳನ್ನು ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದಾಗಿ ಸರಿ ಮಾಡಿದಳು. ಆಮೇಲೆ ಕಡ್ಡಿಯನ್ನು ಹಾಗೇ ಎಳೆದು ತಂದು, ಗ್ರೂಪ್ ಫೋಟೋದಲ್ಲಿ ಮುಂದಿನವರ ತಲೆಗಳ ಹಿಂದೆ, ಏಣಿಯ ಪಕ್ಕ ಇಳಿಸಿದಳು.

ಬುಗುರಿಯ ನಗು ಅಲ್ಲೇ ನಿಂತಿತು. ಅವಳು ಮರೆತೇ ಬಿಟ್ಟಿದ್ದಳು.

ಅಲ್ಲಿ ಮೊಣಕೈ ಇತ್ತು. ಕಡ್ಡಿಯನ್ನು ಅದರ ಮುಂದೆ ಇಟ್ಟರೆ ಬುಗುರಿಯ ತೋಳು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಹಿಂದೆ ಇಟ್ಟರೆ ಮೊಣಕೈ ನೇರವಾಗಿ ಕಡ್ಡಿಯ ಎದೆಗೆ ತಿವಿಯುತ್ತಿತ್ತು. ನಗುತ್ತಾ ನಿಂತ ಹುಡುಗಿಯನ್ನು ಪಕ್ಕದವಳು ಬೆಂಚಿನಿಂದ ತಳ್ಳುತ್ತಿದ್ದಾಳೆ ಅನ್ನುವ ಹಾಗೆ.

ಕಡ್ಡಿ ಬಗ್ಗಿ ಪರದೆಯ ಮೇಲಿನ ಮೊಣಕೈಗೆ ಬೆರಳಿಟ್ಟಳು.

"ಇದು ನಾನು ಬರದೇ ಇದ್ದ ದಿನ ತಾನೇ?" ಅಂದಳು. "ನಾನು ಇಲ್ಲದಾಗಲೂ ನನ್ನ ತಳ್ತಿದ್ಯಾ?"

ಬುಗುರಿ, ಅಮ್ಮ ಏನಾದರೂ ಹೇಳಲಿ ಅಂತ ಅವಳ ಕಡೆ ನೋಡಿದಳು. ಅಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಸೊಂಟ ನೋಯುತ್ತಿತ್ತು ಅಂತ ಇನ್ನೊಂದು ಸಲ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಆ ಮಾತು.

"ಆ ಕಡೆ ಸಾಲಿನ ಕೊನೆಯಲ್ಲಿ ಇನ್ನೊಂದು ಜಾಗ ಇದೆ ಪುಟ್ಟಾ," ಅಂದಳು ಅಮ್ಮ ಮೆಲ್ಲಗೆ. "ಏಣಿಯಿಂದ ಆಚೆಗೆ. ಅಲ್ಲಿ ಹಾಕಿದ್ರೂ ಚೆನ್ನಾಗೇ ಕಾಣ್ತೀಯ."

"ಅಲ್ಲೇ ಹಾಕಿ ಆಂಟಿ," ಅಂದಳು ಕಡ್ಡಿ. "ಎಲ್ಲಿ ಹಾಕಿದ್ರೂ ಏನಂತೆ? ಹೇಗೂ ಸುಳ್ಳು ಫೋಟೋ ತಾನೇ." ಮಾತು ಯಾವಾಗಿನ ಹಾಗೆ ಟಕ್ ಅಂತಲೇ ಬಂತು. ಆದರೆ ಅವಳ ಕೆಳತುಟಿ ಅದುರುತ್ತಿತ್ತು.

ಅಮ್ಮ ಅವಳನ್ನು ಸಾಲಿನ ಕೊನೆಗೆ ಸರಿಸಿದಳು. ಅಲ್ಲಿ ಕಡ್ಡಿ ಒಬ್ಬಳೇ, ಯಾರದೋ ಕ್ಲಾಸಿನ ಫೋಟೋಗೆ ದಾರಿ ತಪ್ಪಿ ಬಂದವಳ ಹಾಗೆ ನಿಂತಳು. ನಡುವೆ ಬುಗುರಿ ಖಾಲಿ ಜಾಗಕ್ಕೆ ಮೊಣಕೈ ಚಾಚಿಕೊಂಡು ನಗುತ್ತಿದ್ದಳು. ಆ ಬುಗುರಿಯನ್ನು ನೋಡಿ ಈ ಬುಗುರಿಗೆ ನಾಚಿಕೆಯಾಯಿತು. ಹೀಗೆ ನಗುತ್ತಿದ್ದೆನಾ ನಾನು?

"ಸೊಂಟ ನೋಯ್ತಿರಲಿಲ್ಲ," ಅಂದಳು.

"ಏನು?" ಅಂದಳು ಅಮ್ಮ.

"ನನ್ನ ಸೊಂಟ ನೋಯ್ತಿರಲಿಲ್ಲ ಅವತ್ತು. ಬೇಕು ಅಂತಲೇ ಕೈ ಇಟ್ಟೆ. ಇವಳಿಗೆ ಜಾಗ ಇರಬಾರದು ಅಂತ." ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಮೂಗು ಎಳೆದುಕೊಂಡಳು. "ಅಮ್ಮಾ, ನನ್ನನ್ನೂ ತೆಗಿ."

"ಫೋಟೋದಿಂದ ತೆಗೀಲಾ?"

"ಅದರಿಂದಲೂ ತೆಗಿ. ಮತ್ತೆ ಹೊಸದಾಗಿ ಇಲ್ಲಿ ತೆಗಿ. ಇವಳ ಜೊತೆ. ಇಬ್ಬರೂ ಒಟ್ಟಿಗೆ ನಿಲ್ತೀವಿ. ಇಬ್ಬರನ್ನೂ ಒಟ್ಟಿಗೆ ಅಲ್ಲಿ ಇಡು."

ಅಮ್ಮ ಪರದೆಯನ್ನು ನೋಡಿದಳು. ಬೆರಳಿನಿಂದ ಜಾಗ ಅಳೆದಳು. "ಆಗತ್ತೆ," ಅಂದಳು. "ಹಿಂದೆ ಬರೀ ಗೋಡೆ ಇರೋದು ನಮ್ಮ ಪುಣ್ಯ. ಆದ್ರೆ ಮಹಾರಾಯ್ತಿ, ನಿನ್ನ ಯೂನಿಫಾರ್ಮ್ ಎಲ್ಲಿದೆ?"

ಬುಗುರಿ ಹಿತ್ತಲಿಗೆ ಓಡಿದಳು. ಯೂನಿಫಾರ್ಮ್ ಹಗ್ಗದ ಮೇಲೆ ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿತ್ತು. ಬೆಳಿಗ್ಗೆಯಷ್ಟೇ ಒಗೆದದ್ದು.

ಹಸಿರು ಬಟ್ಟೆಯ ಇಸ್ತ್ರಿ ಪೆಟ್ಟಿಗೆಯೇ ಮತ್ತೆ ಬಿಸಿಯಾಯಿತು. ಅಮ್ಮ ಉಜ್ಜಿದ ಹಾಗೆಲ್ಲ ಅಂಗಿಯಿಂದ ಬುಸ್ ಅಂತ ಹಬೆ ಏಳುತ್ತಿತ್ತು. ಹುಡುಗಿಯರಿಬ್ಬರೂ ಮರದ ಪೆಟ್ಟಿಗೆಯ ಮೇಲೆ ಕಾಯುತ್ತಾ ಕೂತರು. ಬುಗುರಿ ಸುಮ್ಮನೆ ಕೂರಲಾರದೆ ಕಾಲು ಅಲ್ಲಾಡಿಸುತ್ತಿದ್ದಳು.

"ಸಾರಿ ಕಣೇ," ಅಂದಳು.

ಕಡ್ಡಿ ಹಸಿರು ಹೇರ್‌ಬ್ಯಾಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಮ್ಮನೆ ಗೋಡೆ ಮೇಲೆ ಒಂದು ಫೋಟೋ ಇದೆಯಲ್ಲ? ಸಮುದ್ರದ್ದು?"

"ಹೂಂ. ಅದೂ ಅಮ್ಮನೇ ತೆಗೆದಿದ್ದು."

"ಬಂದವರೆಲ್ಲ ಕೇಳ್ತಾರೆ, ಸಮುದ್ರಕ್ಕೆ ಯಾವಾಗ ಹೋಗಿದ್ರಿ ಅಂತ. ಅಪ್ಪ ಹೋದ ವರ್ಷ ಅಂತಾರೆ. ನಾವು ಹೋಗೇ ಇಲ್ಲ. ಅಪ್ಪನಿಗೆ ರಜೆನೇ ಸಿಗಲ್ಲ. ಕೇಳಿದ್ರೆ ಮುಂದಿನ ರಜೆಗೆ, ಮುಂದಿನ ರಜೆಗೆ ಅಂತಾರೆ." ಅವಳು ಹೇರ್‌ಬ್ಯಾಂಡ್ ಬಿಚ್ಚಿ ಮತ್ತೆ ಸುತ್ತಿದಳು. "ಅವತ್ತು ಆ ಬೆಟ್ಟದ ಫೋಟೋ ನೋಡಿ ಸಿಟ್ಟು ಬಂತು. ನಿಮ್ಮಮ್ಮನ ಮೇಲಲ್ಲ."

ಬುಗುರಿಯ ಕಾಲು ಅಲ್ಲಾಡುವುದು ನಿಂತಿತು. ಆ ಸಮುದ್ರದ ಫೋಟೋವನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅಲೆ ಚೆನ್ನಾಗಿ ಕೂತಿದೆ, ಅಂಚೆಲ್ಲ ನೀಟಾಗಿದೆ ಅಂತ ನೋಡಿದ್ದಳೇ ಹೊರತು ಬೇರೇನೂ ನೋಡಿರಲಿಲ್ಲ.

"ಆದ್ರೆ ಅದರಲ್ಲಿ ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದಾರಲ್ಲ, ಅದು ನಿಜ," ಅಂದಳು ಕಡ್ಡಿ. "ಇಲ್ಲೇ, ಈ ಬಟ್ಟೆ ಮುಂದೆ. ನಿಮ್ಮಮ್ಮ ಲೈಟ್ ಸರಿ ಮಾಡೋವರೆಗೂ ಇಳಿಸಲೇ ಇಲ್ಲ. ಆಮೇಲೂ ಹಾಗೇ ಕೂರಿಸ್ಕೊಂಡು ರಸ್ತೆವರೆಗೂ ಹೋದ್ರು."

"ಬಾ, ಹಾಕ್ಕೋ," ಅಂತ ಅಮ್ಮ ಅಂಗಿ ಕೊಡವಿದಳು. "ಪೂರ್ತಿ ಒಣಗಿಲ್ಲ. ಫೋಟೋದಲ್ಲಿ ಗೊತ್ತಾಗಲ್ಲ ಬಿಡು."

ಮರದ ಪೆಟ್ಟಿಗೆ ಒಬ್ಬರಿಗೆ ಸಾಕು, ಇಬ್ಬರಿಗೆ ಸಾಲದು. ಬುಗುರಿ ಹತ್ತಿದ ಕೂಡಲೇ ಕಡ್ಡಿ ಬೀಳುವ ಹಾಗಾದಳು. ಕಡ್ಡಿ ಸರಿದು ನಿಂತರೆ ಬುಗುರಿಯ ಒಂದು ಕಾಲು ಗಾಳಿಯಲ್ಲಿ.

"ಒಬ್ಬರನ್ನೊಬ್ಬರು ಹಿಡ್ಕೊಳ್ಳಿ," ಅಂದಳು ಅಮ್ಮ ಕ್ಯಾಮೆರಾ ಹಿಂದಿನಿಂದ.

ಬುಗುರಿ ಕಡ್ಡಿಯ ಹೆಗಲ ಮೇಲೆ ಕೈ ಹಾಕಿದಳು. ಕಡ್ಡಿ ಬುಗುರಿಯ ಹೆಗಲ ಮೇಲೆ ಹಾಕಿದಳು. ಒದ್ದೆ ತೋಳು ಕುತ್ತಿಗೆಗೆ ತಗುಲಿದ್ದೇ ತಡ ಕಡ್ಡಿ ಕಿರುಚಿದಳು, "ಅಯ್ಯಪ್ಪಾ, ಐಸ್ ಕಣೇ! ಕಪ್ಪೆ ಇದ್ದ ಹಾಗಿದೀಯ!"

"ಅಲ್ಲಾಡ್ಬೇಡ, ಬೀಳ್ತೀವಿ!"

"ಅಲ್ಲಾಡ್ತಾ ಇರೋದು ನೀನು!"

ಕ್ಲಿಕ್.

"ಸಾಕು, ಇಳೀರಿ," ಅಂದಳು ಅಮ್ಮ. ಅವಳೂ ನಗುತ್ತಿದ್ದಳು.

ಹೊಸ ಜೋಡಿ ಬಂದು ಹಳೆಯ ಬುಗುರಿಯ ಮೇಲೆ ಕೂತಿತು. ಹಳೆಯ ಬುಗುರಿಯ ಒಂದು ಕಿವಿ ಪಕ್ಕದಲ್ಲಿ ಇಣುಕುತ್ತಿತ್ತು. ಅಮ್ಮ ಗೋಡೆಯ ಹಳದಿಯನ್ನು ಪಕ್ಕದಿಂದ ತಂದು ಅದನ್ನು ಮುಚ್ಚಿದಳು. ಬಿಸಿಲು ಸರಿಯಾಗಿ ಬಲಗಡೆಯಿಂದಲೇ ಬಿದ್ದಿತ್ತು. ಏಣಿಯ ಪಕ್ಕ ಇಬ್ಬರೂ ಬಾಯ್ತುಂಬ ನಗುತ್ತಾ, ಒಬ್ಬರಿಗೊಬ್ಬರು ಆತು ನಿಂತಿದ್ದರು.

ಒಂದೇ ಒಂದು ಉಳಿದಿತ್ತು. ಇಬ್ಬರ ಹೆಗಲು ಕೂಡಿದ ಜಾಗದ ಕೆಳಗೆ, ನಡುವಿನ ಸಣ್ಣ ಸಂದಿಯಲ್ಲಿ, ಬಿಳಿ ಅಂಗಿಯ ಒಂದು ಮೊಣಕೈ ಚೂಪಾಗಿ ಕಾಣುತ್ತಿತ್ತು.

"ಇದನ್ನೂ ಅಳಿಸಿಬಿಡ್ತೀನಿ," ಅಂತ ಅಮ್ಮ ಮೌಸ್ ಸರಿಸಿದಳು.

"ಇರಲಿ ಆಂಟಿ," ಅಂದಳು ಕಡ್ಡಿ.

ಬುಗುರಿ ಅವಳ ಕಡೆ ತಿರುಗಿದಳು.

"ಅವತ್ತು ಅಲ್ಲಿ ಇವಳು ನಿಜವಾಗಿ ಇದ್ಲು ಅನ್ನೋದಕ್ಕೆ ಉಳಿದಿರೋದು ಅದೊಂದೇ ಅಲ್ವಾ?" ಅಂದಳು ಕಡ್ಡಿ. "ನಮ್ಮಿಬ್ಬರದೂ ಮಿಕ್ಕಿದ್ದೆಲ್ಲ ಇವತ್ತಿಂದು. ಅದು ಇರಲಿ."

ಹೊರಗೆ ಕಡ್ಡಿಯ ಅಪ್ಪ ಬಂದು ಬಾಗಿಲು ತಟ್ಟಿದರು. ಅಮ್ಮ ಮೌಸಿನಿಂದ ಕೈ ತೆಗೆದು ಬಾಗಿಲು ತೆರೆಯಲು ಎದ್ದಳು.

ವಾರ ಕಳೆದ ಮೇಲೆ ಟೀಚರ್ ಎಲ್ಲರಿಗೂ ಫೋಟೋ ಹಂಚಿದರು. ಕ್ಲಾಸು ಸಂತೆಯಾಯಿತು. ಯಾರ ಕಾಲರ್ ಸರಿ ಇಲ್ಲ, ಯಾರು ಬಾಯಿ ಬಿಟ್ಟಿದ್ದಾರೆ, ಯಾರ ಕಿವಿ ದೊಡ್ಡದು ಅಂತ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ಕಡ್ಡಿ ಅವತ್ತು ಶಾಲೆಗೇ ಬಂದಿರಲಿಲ್ಲ ಅನ್ನುವುದು ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ.

ಏಣಿ ಮಾತ್ರ ಹಿಂದಿನ ಬೆಂಚಿನಿಂದ ಬಗ್ಗಿ ಬಂದ. ಫೋಟೋ ಮೇಲೆ ಬೆರಳಿಟ್ಟು ಎಣಿಸುತ್ತಿದ್ದ.

"ಲೇ ಬುಗುರಿ, ಇದು ನಿನ್ನ ಕೈ, ಇವಳ ಹೆಗಲ ಮೇಲೆ. ಇದು ಇವಳ ಕೈ, ನಿನ್ನ ಹೆಗಲ ಮೇಲೆ. ಇಲ್ಲೊಂದು ಇಳಿಬಿಟ್ಟಿದೆ, ಅಲ್ಲೊಂದು ಇಳಿಬಿಟ್ಟಿದೆ. ಹಾಗಾದ್ರೆ ಈ ಮೊಣಕೈ ಯಾರದ್ದು?"

ಬುಗುರಿ ಕಡ್ಡಿಯನ್ನು ನೋಡಿದಳು. ಈಗ ಇವಳು ಟಕ್ ಅಂತ ಹೇಳಿಬಿಡುತ್ತಾಳೆ ಅಂದುಕೊಂಡಳು.

"ದೆವ್ವದ್ದು," ಅಂದಳು ಕಡ್ಡಿ. "ನೀನೇ ಕೇಳಿದ್ಯಲ್ಲ ಅವತ್ತು? ಅದಕ್ಕೂ ಜಾಗ ಕೊಟ್ವಿ."

ಏಣಿ ಬೆಪ್ಪಾಗಿ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡ. ತಾನು ಅವತ್ತು ದೆವ್ವದ ಬಗ್ಗೆ ಕೇಳಿದ್ದು ಕಡ್ಡಿಗೆ ಹೇಗೆ ಗೊತ್ತಾಯಿತು ಅಂತ ಯೋಚಿಸಲು ಅವನಿಗೆ ಹೊಳೆಯಲೇ ಇಲ್ಲ. ಅದನ್ನು ಅವಳಿಗೆ ಹೇಳಿದ್ದು ಬುಗುರಿಯೇ. ಅವತ್ತು ನಡೆದದ್ದನ್ನೆಲ್ಲ, ಸೀನಿದ್ದರಿಂದ ಹಿಡಿದು ಟೀಚರ್ ಕಣ್ಣು ಮುಚ್ಚಿದ್ದರವರೆಗೆ, ಒಂದೂ ಬಿಡದೆ ಹೇಳಿದ್ದಳು.

ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆಯಲು ಶುರು ಮಾಡಿದರು. ಇಬ್ಬರೂ ಫೋಟೋ ಬ್ಯಾಗಿನೊಳಗೆ ಇಟ್ಟು ಪೆನ್ಸಿಲ್ ತೆಗೆದರು. ಬರೆಯುವಾಗ ಬುಗುರಿಯ ಮೊಣಕೈ ಎಂದಿನ ಹಾಗೆ ಡೆಸ್ಕಿನಲ್ಲಿ ಕಡ್ಡಿಯ ಕಡೆಯ ಅರ್ಧಕ್ಕೂ ಚಾಚಿತ್ತು. ಪಕ್ಕದಲ್ಲಿ ಕಡ್ಡಿ ಎಂದಿನ ಹಾಗೆ ಓರೆಯಾಗಿ, ಅಂಚಿನಲ್ಲಿ ಕೂತು ಬರೆಯುತ್ತಿದ್ದಳು. ಒಂದನೇ ಕ್ಲಾಸಿನಿಂದಲೂ ಅವಳು ಹಾಗೇ ಕೂರುತ್ತಿದ್ದಳು.

ಬುಗುರಿ ಬರೆಯುವುದನ್ನು ನಿಲ್ಲಿಸಿ ತನ್ನ ಕೈಯನ್ನೇ ನೋಡಿದಳು. ಆಮೇಲೆ ಮೊಣಕೈಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಕಡ್ಡಿ, ತನಗೇ ಗೊತ್ತಿಲ್ಲದ ಹಾಗೆ, ನೇರವಾಗಿ ತಿರುಗಿ ಕೂತಳು.